ಅರಿವು ಕೇಂದ್ರದ ಗಣಕಯಂತ್ರದಲ್ಲಿ ಆ್ಯಪ್ ತಯಾರಿಕೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯತಿ ಸದಸ್ಯರ ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಕಸ ವಿಲೇವಾರಿ, ತೆರಿಗೆ ವಸೂಲಿ ಮುಂತಾದ ವಿಷಯಗಳನ್ನು ತಾವು ಬೆಳಗ್ಗೆಯಿಂದ ಆಲಿಸಿದ್ದೀರಿ. ನನಗೆ ವಹಿಸಿರುವ ವಿಷಯ ಇವುಗಳ ಪಕ್ಕದಲ್ಲಿ ಸ್ವಲ್ಪ ಅಪರಿಚಿತವಾಗಿ ಕಾಣಬಹುದು. ಆದರೆ ಮುಂದಿನ ದಿನಗಳಲ್ಲಿ ತಮ್ಮ ಸಾಮಾನ್ಯ ಸಭೆಯ ವಿಷಯ ಸೂಚಿಯಲ್ಲಿ ಇದು ಬಂದೇ ಬರುತ್ತದೆ ಎಂಬ ಕಾರಣಕ್ಕೆ ಈ ಅರ್ಧ ಗಂಟೆಯನ್ನು ಕೇಳಿ ಪಡೆದಿದ್ದೇನೆ.

ವಿಷಯ ಇದು. ಗ್ರಂಥಾಲಯಗಳು ನಮ್ಮ ಇಲಾಖೆಯ ಸುಪರ್ದಿಗೆ ಬಂದು ಅರಿವು ಕೇಂದ್ರಗಳಾದ ಮೇಲೆ ಅನೇಕ ಕಡೆ ಪುಸ್ತಕಗಳ ಜೊತೆಗೆ ಗಣಕಯಂತ್ರಗಳೂ ಬಂದಿವೆ. ಊರಿನಲ್ಲಿ ಡಿಪ್ಲೊಮಾ ಅಥವಾ ಪದವಿ ಓದುತ್ತಿರುವ ಹೆಣ್ಣುಮಗಳೊಬ್ಬಳು ಒಂದು ದಿನ ಅರ್ಜಿ ಕೊಡುತ್ತಾಳೆ ಎಂದು ಭಾವಿಸೋಣ: "ಅರಿವು ಕೇಂದ್ರದ ಗಣಕಯಂತ್ರದಲ್ಲಿ ಆಂಡ್ರಾಯ್ಡ್ ಸ್ಟುಡಿಯೊ ಅಳವಡಿಸಲು ಅನುಮತಿ ನೀಡಬೇಕು." ಅವಳ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಕಾಲೇಜಿನ ಪ್ರಯೋಗಾಲಯ ಸಂಜೆಗೆ ಬೀಗ ಹಾಕುತ್ತದೆ. ಅವಳಿಗೆ ಉಳಿದಿರುವುದು ಪಂಚಾಯತಿಯ ಯಂತ್ರವೊಂದೇ. ಅರ್ಜಿ ಸಭೆಗೆ ಬಂದಾಗ ಅದೇನೆಂದು ತಿಳಿಯದೆ "ಮುಂದಿನ ಸಭೆಗೆ ಮುಂದೂಡಲಾಗಿದೆ" ಎಂದು ನಡವಳಿ ಬರೆದರೆ ಅವಳ ಒಂದು ವರ್ಷ ಹೋಗುತ್ತದೆ. ತಿಳಿಯದೆಯೇ "ಒಪ್ಪಲಾಗಿದೆ" ಎಂದು ಬರೆದರೂ ಯಂತ್ರ ಹಾಳಾಗಬಹುದು, ಇಲ್ಲವೇ ಕಚೇರಿಯ ದಾಖಲೆಗಳು ಅಪಾಯಕ್ಕೆ ಸಿಲುಕಬಹುದು. ಆದುದರಿಂದ ತಿಳಿದು ನಿರ್ಣಯಿಸುವುದಕ್ಕೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲಿಗೆ, ಈ ಸಲಕರಣೆ ಎಂದರೇನು? ನಾವು ದಿನನಿತ್ಯ ಬಳಸುವ ಆ್ಯಪ್‌ಗಳನ್ನು ಸಾಮಾನ್ಯವಾಗಿ ಗಣಕಯಂತ್ರದಲ್ಲಿ ಬರೆದು, ಅಲ್ಲಿಯೇ ಸಿದ್ಧಪಡಿಸಿ, ಅನಂತರ ಫೋನಿಗೆ ಇಳಿಸುತ್ತಾರೆ. ಕಮ್ಮಾರನಿಗೆ ಕುಲುಮೆ, ತಿದಿ, ಅಡಿಗಲ್ಲು, ಸುತ್ತಿಗೆ, ಇಕ್ಕಳ ಎಲ್ಲವೂ ಒಂದೇ ಕಡೆ ಇರಬೇಕಾಗುವಂತೆ, ಆ್ಯಪ್ ಬರೆಯುವವರಿಗೂ ಕೆಲವು ಸಲಕರಣೆಗಳು ಒಟ್ಟಿಗೆ ಬೇಕು. ಬರೆಯುವುದಕ್ಕೆ ಒಂದು ಸಂಪಾದಕ ತಂತ್ರಾಂಶ, ಬರೆದದ್ದನ್ನು ಫೋನಿಗೆ ಅರ್ಥವಾಗುವ ರೂಪಕ್ಕೆ ತರುವ ಬಿಲ್ಡ್ ಟೂಲ್ಸ್, ಫೋನನ್ನು ಯಂತ್ರಕ್ಕೆ ಜೋಡಿಸುವ ಪ್ಲಾಟ್‌ಫಾರ್ಮ್ ಟೂಲ್ಸ್, ಫೋನಿನ ತದ್ರೂಪವನ್ನು ಪರದೆಯ ಮೇಲೆ ತೋರಿಸುವ ಎಮ್ಯುಲೇಟರ್. ಸಂಪಾದಕವನ್ನು ಹೊರತುಪಡಿಸಿ ಉಳಿದವುಗಳ ಗಂಟಿಗೆ ಎಸ್‌ಡಿಕೆ ಎಂದು ಹೆಸರು. ಆ ಗಂಟನ್ನು ತರಿಸಿ, ಜೋಡಿಸಿ, ಬರೆಯುವ ಜಾಗವನ್ನೂ ಕೊಡುವ ತಂತ್ರಾಂಶವೇ ಆಂಡ್ರಾಯ್ಡ್ ಸ್ಟುಡಿಯೊ. ಗೂಗಲ್ ಸಂಸ್ಥೆ ಇದನ್ನು 2013ರಲ್ಲಿ ಪ್ರಕಟಿಸಿತು. ಮೊದಲ ಸ್ಥಿರ ಆವೃತ್ತಿ 2014ರ ಡಿಸೆಂಬರಿನಲ್ಲಿ ಬಂದಿತು. ಇದರಲ್ಲಿ ಹೆಚ್ಚಾಗಿ ಬಳಕೆಯಾಗುವ ಭಾಷೆಗಳು ಜಾವಾ ಮತ್ತು ಕೋಟ್ಲಿನ್. 2019ರಿಂದ ಗೂಗಲ್ ಕೋಟ್ಲಿನ್‌ಗೆ ಆದ್ಯತೆ ನೀಡುತ್ತಿದೆ.

ಇನ್ನು ಸದಸ್ಯರು ಮೊದಲು ಕೇಳುವ ಪ್ರಶ್ನೆ: ಇದಕ್ಕೆ ಎಷ್ಟು ಹಣ? ತಂತ್ರಾಂಶಕ್ಕೆ ಒಂದು ರೂಪಾಯಿಯೂ ಇಲ್ಲ. ಆಂಡ್ರಾಯ್ಡ್ ಸ್ಟುಡಿಯೊ, ಎಸ್‌ಡಿಕೆ, ಕೋಟ್ಲಿನ್ ಎಲ್ಲವೂ ಉಚಿತ. ಜಾವಾಕ್ಕೆ ಸಂಬಂಧಿಸಿದ ಜೆಡಿಕೆ ಕೂಡ ಸ್ಟುಡಿಯೊದ ಜೊತೆಗೇ ಬರುತ್ತದೆ, ಬೇರೆಯಾಗಿ ಅಳವಡಿಸಬೇಕಾಗಿಲ್ಲ. ಯಾರಾದರೂ "ಆಂಡ್ರಾಯ್ಡ್ ಸ್ಟುಡಿಯೊ ಪರವಾನಗಿ ಶುಲ್ಕ" ಎಂದು ದರಪಟ್ಟಿ ತಂದಿಟ್ಟರೆ ಆ ಸಾಲನ್ನು ಧೈರ್ಯವಾಗಿ ಪ್ರಶ್ನಿಸಿ. ಅಳವಡಿಸಿಕೊಡುವವರ ಕೂಲಿ ಬೇರೆ, ಪರವಾನಗಿ ಶುಲ್ಕ ಬೇರೆ. ಈ ವ್ಯತ್ಯಾಸ ತಿಳಿದಿದ್ದರೆ ಪಂಚಾಯತಿಯ ಹಣ ಉಳಿಯುತ್ತದೆ.

ಹಣ ಬೇಕಾಗಬಹುದಾದದ್ದು ಯಂತ್ರದ ಸಾಮರ್ಥ್ಯಕ್ಕೆ. ಗೂಗಲ್ ಹೇಳುವ ಕನಿಷ್ಠ ಅಗತ್ಯ ಹೀಗಿದೆ: 64 ಬಿಟ್ ವಿಂಡೋಸ್ 10 ಅಥವಾ ಅನಂತರದ ಆವೃತ್ತಿ, 8 ಜಿಬಿ ರ್‍ಯಾಮ್. ಪರದೆಯ ಮೇಲಿನ ನಕಲಿ ಫೋನನ್ನೂ ಓಡಿಸಬೇಕಾದರೆ 16 ಜಿಬಿ ರ್‍ಯಾಮ್ ಬೇಕು. ಡಿಸ್ಕಿನಲ್ಲಿ 20 ಜಿಬಿಯಷ್ಟಾದರೂ ಖಾಲಿ ಜಾಗ ಇದ್ದರೆ ಒಳ್ಳೆಯದು. ಹಳೆಯ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿ ಇದ್ದರೆ ಕೆಲಸ ಬಹಳ ಚುರುಕಾಗುತ್ತದೆ. ನಮ್ಮ ಯಂತ್ರದಲ್ಲಿ ಎಷ್ಟಿದೆ ಎಂಬುದನ್ನು ನೋಡಲು ತಜ್ಞರು ಬೇಕಿಲ್ಲ. ವಿಂಡೋಸಿನ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್ ಎಂಬುದನ್ನು ಒತ್ತಿ, ಕೆಳಗಿರುವ ಅಬೌಟ್ ಎಂಬಲ್ಲಿ ನೋಡಿದರೆ ರ್‍ಯಾಮ್ ಎಷ್ಟು, 64 ಬಿಟ್ ಹೌದೋ ಅಲ್ಲವೋ ಎಂಬುದು ಕಾಣುತ್ತದೆ. ಗ್ರಂಥಾಲಯ ಮೇಲ್ವಿಚಾರಕರು ಎರಡು ನಿಮಿಷದಲ್ಲಿ ನೋಡಿ ದಾಸ್ತಾನು ವಹಿಯಲ್ಲಿ ಆ ಯಂತ್ರದ ಮುಂದೆ ಬರೆದಿಡಬಹುದು. 4 ಜಿಬಿ ಇದ್ದಲ್ಲಿ ಹೊಸ ಯಂತ್ರ ಕೊಳ್ಳುವ ಮೊದಲು, ಇರುವ ಯಂತ್ರಕ್ಕೇ ರ್‍ಯಾಮ್ ಸೇರಿಸಲು ಸಾಧ್ಯವೇ ಎಂದು ವಿಚಾರಿಸಿ. ಅನೇಕ ಯಂತ್ರಗಳಲ್ಲಿ ಅದು ಸಾಧ್ಯ, ಮತ್ತು ಅದರ ವೆಚ್ಚ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಭಾಗ ಮಾತ್ರ.

ಈಗ ಅಳವಡಿಕೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತಾವೇ ಮಾಡಬೇಕೆಂದಲ್ಲ, ಮಾಡುವವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ಕೇಳುವಷ್ಟು ತಿಳಿದಿರಲಿ ಎಂದು.

ಒಂದು, ತಂತ್ರಾಂಶವನ್ನು ಗೂಗಲ್‌ನ ಅಧಿಕೃತ ಜಾಲತಾಣವಾದ ಡೆವಲಪರ್ ಡಾಟ್ ಆಂಡ್ರಾಯ್ಡ್ ಡಾಟ್ ಕಾಮ್‌ನಿಂದಲೇ ಇಳಿಸಿಕೊಳ್ಳಬೇಕು. ಬೇರೆ ತಾಣಗಳಲ್ಲಿ ಅದೇ ಹೆಸರಿನಲ್ಲಿ ಸಿಗುವ ಕಡತಗಳ ಜೊತೆ ಏನು ಬರುತ್ತದೆಂದು ಹೇಳಲಾಗದು. ಸ್ಟುಡಿಯೊದ ಕಡತವೊಂದೇ 1 ಜಿಬಿಗಿಂತ ದೊಡ್ಡದು.

ಎರಡು, ಅಳವಡಿಸುವಾಗ ಯಂತ್ರವು ಅಡ್ಮಿನಿಸ್ಟ್ರೇಟರ್ ಗುಪ್ತಪದವನ್ನು ಕೇಳುತ್ತದೆ. ಅದನ್ನು ಮೇಲ್ವಿಚಾರಕರು ಎದುರಿಗೆ ನಿಂತು ತಾವೇ ಒತ್ತಬೇಕು; ವಿದ್ಯಾರ್ಥಿಗೆ ಚೀಟಿಯಲ್ಲಿ ಬರೆದುಕೊಡಬಾರದು.

ಮೂರು, ಮೊದಲ ಬಾರಿ ತೆರೆದಾಗ ಸ್ಟುಡಿಯೊ "ಸ್ಟ್ಯಾಂಡರ್ಡ್" ಮತ್ತು "ಕಸ್ಟಮ್" ಎಂಬ ಎರಡು ದಾರಿಗಳನ್ನು ಮುಂದಿಡುತ್ತದೆ. ಮನೆಯಲ್ಲಿ ಒಬ್ಬರೇ ಬಳಸುವ ಯಂತ್ರಕ್ಕೆ ಮೊದಲನೆಯದು ಸಾಕು. ಹಲವರು ಬಳಸುವ ಅರಿವು ಕೇಂದ್ರದ ಯಂತ್ರಕ್ಕೆ ಎರಡನೆಯದೇ ಸೂಕ್ತ. ಕಾರಣವೇನೆಂದರೆ, ಮೊದಲ ದಾರಿಯಲ್ಲಿ ಎಸ್‌ಡಿಕೆಯ ಗಂಟು ಆ ಹೊತ್ತಿನಲ್ಲಿ ಒಳಗೆ ಪ್ರವೇಶಿಸಿದ ಬಳಕೆದಾರರ ಸ್ವಂತ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ನಾಳೆ ಇನ್ನೊಬ್ಬ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಒಳಹೊಕ್ಕರೆ ಅದೇ ಗಂಟನ್ನು ಮತ್ತೊಮ್ಮೆ ಇಳಿಸಿಕೊಳ್ಳಬೇಕಾಗುತ್ತದೆ. ಕಸ್ಟಮ್ ದಾರಿಯಲ್ಲಿ ಡಿ ಡ್ರೈವಿನಂತಹ ಎಲ್ಲರಿಗೂ ಎಟುಕುವ ಜಾಗವನ್ನು ತೋರಿಸಿದರೆ ಒಂದೇ ಗಂಟು ಎಲ್ಲರಿಗೂ ಆಗುತ್ತದೆ. ಊರಿಗೊಂದು ಸಾರ್ವಜನಿಕ ಬಾವಿ ತೋಡಿಸಿದಂತೆ.

ನಾಲ್ಕು, ಫೋಲ್ಡರುಗಳ ಹೆಸರು. ಇಲ್ಲಿ ಕನ್ನಡಾಭಿಮಾನಿಗಳಿಗೆ ಒಂದು ಸಣ್ಣ ಬೇಸರದ ಮಾತು ಹೇಳಬೇಕಾಗಿದೆ. ವಿಂಡೋಸಿನಲ್ಲಿ ಆ್ಯಪ್ ಇರುವ ಫೋಲ್ಡರಿನ ದಾರಿಯಲ್ಲಿ ಕನ್ನಡ ಅಕ್ಷರಗಳಿದ್ದರೆ ಬಿಲ್ಡ್ ಮಾಡುವ ಸಲಕರಣೆ ತಕರಾರು ತೆಗೆಯುತ್ತದೆ. ಆದ್ದರಿಂದ ಫೋಲ್ಡರಿನ ಹೆಸರು ಮತ್ತು ಬಳಕೆದಾರರ ಖಾತೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಆ್ಯಪ್‌ನ ಒಳಗೆ ಕನ್ನಡ ಬರೆಯಲು ಯಾವ ಅಡ್ಡಿಯೂ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಐದು, ಎಸ್‌ಡಿಕೆಯ ಪರವಾನಗಿ ಷರತ್ತುಗಳನ್ನು ಓದಿ ಒಪ್ಪಿಗೆ ಒತ್ತಿದ ಮೇಲೆಯೇ ಉಳಿದ ಭಾಗಗಳು ಇಳಿಯುತ್ತವೆ. ಇಲ್ಲಿಗೆ ಅಳವಡಿಕೆ ಮುಗಿಯಿತೆಂದು ಯಂತ್ರ ಆರಿಸಬಾರದು. ಮೊದಲ ಆ್ಯಪನ್ನು ಸಿದ್ಧಪಡಿಸಲು ಹೊರಟಾಗ ಗ್ರೇಡಲ್ ಎಂಬ ಸಲಕರಣೆ ತನಗೆ ಬೇಕಾದ ಇನ್ನಷ್ಟು ಭಾಗಗಳನ್ನು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಆ ಮೊದಲ ಬಾರಿ ಬಹಳ ಹೊತ್ತು ಹಿಡಿಯಬಹುದು. "ಯಂತ್ರ ನಿಂತುಹೋಯಿತು" ಎಂದು ಗಾಬರಿಯಿಂದ ವಿದ್ಯುತ್ ಗುಂಡಿ ಒತ್ತಿದರೆ ಅರ್ಧ ಇಳಿದ ಕಡತಗಳು ಕೆಟ್ಟು, ಮತ್ತೆ ಮೊದಲಿನಿಂದ ಶುರು. ಕರೆಂಟು ಹೋದಾಗಲೂ ಇದೇ ಗತಿ. ಆದುದರಿಂದ ಯುಪಿಎಸ್ ಇರುವ ಯಂತ್ರವನ್ನೇ ಇದಕ್ಕೆ ಆರಿಸಬೇಕು.

ಅಂತರ್ಜಾಲದ ವೇಗ ಕಡಿಮೆ ಇರುವ ಊರುಗಳ ಸದಸ್ಯರು ಇಷ್ಟು ಕೇಳಿ ಕೈಚೆಲ್ಲಬೇಕಾಗಿಲ್ಲ. ಸಂಪರ್ಕ ಚೆನ್ನಾಗಿರುವ ಕಡೆ ಒಮ್ಮೆ ಇಳಿಸಿದ ಸ್ಟುಡಿಯೊದ ಕಡತವನ್ನೂ ಎಸ್‌ಡಿಕೆಯ ಫೋಲ್ಡರನ್ನೂ ಪೆನ್‌ಡ್ರೈವಿನಲ್ಲಿ ಹೊತ್ತು ತಂದು ಇನ್ನೊಂದು ಯಂತ್ರದಲ್ಲಿ ಇರಿಸಬಹುದು. ಸ್ಟುಡಿಯೊಗೆ ಆ ಜಾಗವನ್ನು ತೋರಿಸಿದರೆ ಸಾಕು. ತಾಲ್ಲೂಕಿನಲ್ಲಿ ಒಂದು ಪಂಚಾಯತಿ ಇದನ್ನು ಇಳಿಸಿಟ್ಟರೆ ನೆರೆಯ ಪಂಚಾಯತಿಗಳು ಹಂಚಿಕೊಳ್ಳಬಹುದು. ಪೆನ್‌ಡ್ರೈವನ್ನು ವೈರಸ್ ತಪಾಸಣೆ ಮಾಡಿಯೇ ಚುಚ್ಚಬೇಕೆಂಬುದು ಇಲ್ಲಿಯೂ ನಿಯಮ.

ಇನ್ನು ಪರೀಕ್ಷಿಸುವ ಬಗೆ. ಬರೆದ ಆ್ಯಪ್ ಓಡುತ್ತದೆಯೇ ಎಂದು ನೋಡಲು ಎರಡು ಮಾರ್ಗಗಳಿವೆ. ಪರದೆಯ ಮೇಲಿನ ಎಮ್ಯುಲೇಟರ್ ಮೊದಲನೆಯದು. ಇದಕ್ಕೆ ಯಂತ್ರದ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಎಂಬ ಸೌಲಭ್ಯವನ್ನು ಚಾಲೂ ಮಾಡಿರಬೇಕು. ಅನೇಕ ಯಂತ್ರಗಳಲ್ಲಿ ಅದು ಆರಿಸಿದ ಸ್ಥಿತಿಯಲ್ಲೇ ಇರುತ್ತದೆ, ಎಮ್ಯುಲೇಟರ್ ಏಳುವುದಿಲ್ಲ, ಯಂತ್ರವೇ ಕೆಟ್ಟಿದೆ ಎಂದು ಬೈಗುಳ ತಿನ್ನುತ್ತದೆ. ಎರಡನೆಯದು ನಿಜವಾದ ಫೋನು. ನಮ್ಮ ಸಾಧಾರಣ ಯಂತ್ರಗಳಿಗೆ ಇದೇ ಹಗುರವಾದ ಮಾರ್ಗ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬುದನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಎಂಬ ಹೊಸ ಪಟ್ಟಿ ತೆರೆಯುತ್ತದೆ. ಅದರಲ್ಲಿ ಯುಎಸ್‌ಬಿ ಡಿಬಗಿಂಗ್ ಎಂಬುದನ್ನು ಚಾಲೂ ಮಾಡಿ ಕೇಬಲ್ ಜೋಡಿಸಿದರೆ, ಈ ಗಣಕಯಂತ್ರವನ್ನು ನಂಬಬಹುದೇ ಎಂದು ಫೋನು ಕೇಳುತ್ತದೆ. ಒಪ್ಪಿದರೆ ಆ್ಯಪ್ ನೇರವಾಗಿ ಫೋನಿಗೆ ಇಳಿಯುತ್ತದೆ. ಕೆಲವು ಕೇಬಲ್‌ಗಳು ಚಾರ್ಜ್ ಮಾಡಲು ಮಾತ್ರ ಬರುತ್ತವೆ. ಅವುಗಳಲ್ಲಿ ಮಾಹಿತಿ ಹರಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯುಎಸ್‌ಬಿ ಡಿಬಗಿಂಗ್ ಎಂದರೆ ಫೋನಿನ ಹಿತ್ತಿಲ ಬಾಗಿಲನ್ನು ಯಂತ್ರಕ್ಕೆ ತೆರೆದುಕೊಟ್ಟಂತೆ. ಹಣ ಪಾವತಿಯ ಆ್ಯಪ್‌ಗಳಿರುವ ಮನೆಯ ಫೋನನ್ನು ಇದಕ್ಕೆ ಬಳಸದಿರುವುದು ಲೇಸು. ಬಳಸಿದರೂ ಕೆಲಸ ಮುಗಿದೊಡನೆ ಆ ಬಾಗಿಲನ್ನು ಮುಚ್ಚಬೇಕು. ಬಾಗಿಲು ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸುವುದೂ ಉಂಟು. ಯಾರ ಮನೆಯಲ್ಲಾದರೂ ಮೂಲೆ ಸೇರಿರುವ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಅರಿವು ಕೇಂದ್ರಕ್ಕೆ ದಾನವಾಗಿ ಪಡೆದು, ಅದರಲ್ಲಿರುವ ಖಾತೆಗಳನ್ನು ಅಳಿಸಿ, ದಾಸ್ತಾನು ವಹಿಗೆ ಸೇರಿಸಿಟ್ಟರೆ ಈ ಸಮಸ್ಯೆಯೇ ಬಗೆಹರಿಯುತ್ತದೆ.

ಈಗ ಕನ್ನಡದ ಮಾತು. ವಿದ್ಯಾರ್ಥಿಗಳು ಮೊದಲ ಆ್ಯಪನ್ನು ಊರಿಗೆ ಉಪಯೋಗವಾಗುವಂತೆ ಮಾಡಲಿ ಎಂಬುದು ನನ್ನ ಅಪೇಕ್ಷೆ. ಉದಾಹರಣೆಗೆ, ಇವತ್ತು ಯಾವ ಬೀದಿಗೆ ನೀರು, ನಾಳೆ ಯಾವ ಬೀದಿಗೆ ಎಂದು ತೋರಿಸುವ ಒಂದೇ ಪುಟದ ಆ್ಯಪ್. ನೀರಗಂಟಿಯವರಿಗೆ ಬರುವ ಕರೆಗಳಾದರೂ ಕಡಿಮೆಯಾಗಬಹುದು. ಅಂತಹ ಆ್ಯಪ್‌ನ ಎಲ್ಲ ಮಾತುಗಳೂ ಕನ್ನಡದಲ್ಲಿರಲು ವ್ಯವಸ್ಥೆ ಈ ಸಲಕರಣೆಯಲ್ಲೇ ಇದೆ. ಆ್ಯಪ್‌ನಲ್ಲಿ ಕಾಣುವ ಪದಗಳನ್ನು "ವ್ಯಾಲ್ಯೂಸ್" ಎಂಬ ಫೋಲ್ಡರಿನ ಕಡತದಲ್ಲಿ ಬರೆಯುತ್ತಾರೆ. ಅದರ ಪಕ್ಕದಲ್ಲಿ "ವ್ಯಾಲ್ಯೂಸ್-ಕೆಎನ್" ಎಂಬ ಇನ್ನೊಂದು ಫೋಲ್ಡರ್ ಮಾಡಿ ಅವೇ ಪದಗಳ ಕನ್ನಡ ರೂಪವನ್ನು ಬರೆದರೆ, ಕನ್ನಡವನ್ನು ಆರಿಸಿಕೊಂಡಿರುವ ಫೋನಿನಲ್ಲಿ ಆ್ಯಪ್ ತಾನಾಗಿಯೇ ಕನ್ನಡದಲ್ಲಿ ತೆರೆದುಕೊಳ್ಳುತ್ತದೆ. ಕೆಎನ್ ಎಂಬುದು ಕನ್ನಡಕ್ಕೆ ಅಂತಾರಾಷ್ಟ್ರೀಯವಾಗಿ ಗೊತ್ತುಪಡಿಸಿರುವ ಸಂಕೇತ.

ಆದರೆ ನಮ್ಮ ಕಚೇರಿಗಳ ಹಳೆಯ ಕಡತಗಳ ಬಗ್ಗೆ ಒಂದು ತೊಡಕಿದೆ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಬೀದಿಗಳ ಹೆಸರು, ಗ್ರಾಮಗಳ ಪಟ್ಟಿ ಮುಂತಾದವುಗಳನ್ನು ನಕಲಿಸಿ ಆ್ಯಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣುತ್ತವೆ. ಆ ಫಾಂಟುಗಳಲ್ಲಿ ಕನ್ನಡವು ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಲೆಕ್ಕದಲ್ಲಿ ಬೇರೆಯೇ ಅಕ್ಷರ. ಯುನಿಕೋಡ್‌ನಲ್ಲಿ ಬರೆದ ಕನ್ನಡ ಮಾತ್ರ ಎಲ್ಲ ಫೋನುಗಳಲ್ಲೂ ಕನ್ನಡವಾಗಿಯೇ ಉಳಿಯುತ್ತದೆ. ಆದ್ದರಿಂದ ಇಂದಿನಿಂದಲೇ ಪಂಚಾಯತಿಯ ಪಟ್ಟಿಗಳನ್ನೂ ನಡವಳಿಗಳನ್ನೂ ಯುನಿಕೋಡ್‌ನಲ್ಲಿ ಬೆರಳಚ್ಚಿಸಲು ಸೂಚಿಸಿ. ಆ್ಯಪ್ ಆಗಲಿ ಬಿಡಲಿ, ಹತ್ತು ವರ್ಷಗಳ ನಂತರ ಆ ದಾಖಲೆಗಳನ್ನು ಹುಡುಕಿ ತೆಗೆಯುವವರಿಗೆ ಅದು ಉಪಕಾರವಾಗುತ್ತದೆ.

ಯಂತ್ರದ ಸಾಮರ್ಥ್ಯ ತೀರಾ ಕಡಿಮೆ ಇದ್ದರೆ? ಆಗಲೂ ಅರ್ಜಿಯನ್ನು ತಿರಸ್ಕರಿಸಬೇಕಾಗಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ನಡೆಸುವ ಆ್ಯಪ್ ಇನ್ವೆಂಟರ್ ಎಂಬ ಉಚಿತ ಸೌಲಭ್ಯವಿದೆ. ಅದು ಬ್ರೌಸರಿನಲ್ಲೇ ಓಡುವುದರಿಂದ ಯಂತ್ರದಲ್ಲಿ ಭಾರವಾದ ಸಲಕರಣೆಗಳನ್ನು ಅಳವಡಿಸುವ ಅಗತ್ಯವಿಲ್ಲ. ಬಣ್ಣದ ತುಂಡುಗಳನ್ನು ಜೋಡಿಸಿ ಆ್ಯಪ್ ಮಾಡುವ ವಿಧಾನವಾದ್ದರಿಂದ ಪ್ರೌಢಶಾಲೆಯ ಮಕ್ಕಳಿಗೂ ಸುಲಭ. ಕಾಲೇಜು ವಿದ್ಯಾರ್ಥಿಗಳಾದರೆ, ಸ್ಟುಡಿಯೊ ಇಲ್ಲದೆ ಎಸ್‌ಡಿಕೆಯ ಕಮಾಂಡ್ ಲೈನ್ ಸಲಕರಣೆಗಳನ್ನಷ್ಟೇ ಅಳವಡಿಸಿ, ಹಗುರವಾದ ಬೇರೊಂದು ಸಂಪಾದಕದಲ್ಲಿ ಬರೆಯಬಹುದು. ಶ್ರಮ ಹೆಚ್ಚು, ಆದರೆ ಸಾಧ್ಯ.

ಸದಸ್ಯ ಬಾಂಧವರೇ, ಇಷ್ಟು ಹೊತ್ತು ತಾಂತ್ರಿಕ ಸಂಗತಿಗಳನ್ನು ಹೇಳಿದೆ. ಅವನ್ನು ಮಾಡಿಕೊಡಲು ಊರಿನ ವಿದ್ಯಾವಂತ ಯುವಕ ಯುವತಿಯರೇ ಸಾಕು. ಅವರಿಂದ ಆಗದ, ತಮ್ಮಿಂದ ಮಾತ್ರ ಆಗಬಹುದಾದ ಕೆಲಸವೆಂದರೆ ನಿರ್ಣಯ. ಸಂಬಂಧಪಟ್ಟ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಿ, ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಐದು ಅಂಶಗಳನ್ನು ನಿರ್ಣಯದ ರೂಪದಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.

1. ಯಾವ ಯಂತ್ರ? ಅರಿವು ಕೇಂದ್ರದ ಯಂತ್ರ ಮಾತ್ರ. ಪಂಚತಂತ್ರ, ಇ-ಸ್ವತ್ತು ಮುಂತಾದ ಕೆಲಸ ನಡೆಯುವ, ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಸಾಧನ ಚುಚ್ಚುವ ಕಚೇರಿಯ ಯಂತ್ರದಲ್ಲಿ ಯಾವ ಕಾರಣಕ್ಕೂ ಇದನ್ನು ಅಳವಡಿಸಬಾರದು. ಕಲಿಯುವವರು ತಪ್ಪು ಮಾಡಿಯೇ ಕಲಿಯುತ್ತಾರೆ. ತಪ್ಪು ಮಾಡಲು ಅವಕಾಶವಿರುವ ಯಂತ್ರ ಬೇರೆಯಾಗಿಯೇ ಇರಬೇಕು.

2. ಗುಪ್ತಪದ ಯಾರ ಬಳಿ? ಅಡ್ಮಿನಿಸ್ಟ್ರೇಟರ್ ಗುಪ್ತಪದ ಗ್ರಂಥಾಲಯ ಮೇಲ್ವಿಚಾರಕರ ಬಳಿ, ಮುಚ್ಚಿದ ಲಕೋಟೆಯಲ್ಲಿ ಅದರ ಪ್ರತಿ ಕಚೇರಿಯ ಬೀರುವಿನಲ್ಲಿ. ವಿದ್ಯಾರ್ಥಿಗಳಿಗೆ ಸಾಮಾನ್ಯ ಬಳಕೆದಾರರ ಖಾತೆ.

3. ಸಮಯ ಯಾರಿಗೆ, ಎಷ್ಟು? ಹಾಜರಿ ಪುಸ್ತಕವಿಟ್ಟು ಗಂಟೆಗಳನ್ನು ಹಂಚಬೇಕು. ಮೊದಲು ಬಂದವರಿಗೆ ಮೊದಲು ಎಂದಷ್ಟೇ ಬಿಟ್ಟರೆ ಯಂತ್ರದ ಮುಂದೆ ಹುಡುಗರೇ ಕೂತಿರುತ್ತಾರೆ. ಹೆಣ್ಣುಮಕ್ಕಳಿಗೆ ಕತ್ತಲಾಗುವ ಮುನ್ನ ಮನೆ ಸೇರುವಂತಹ ಸಮಯವನ್ನು ಪ್ರತ್ಯೇಕವಾಗಿ ಗೊತ್ತುಪಡಿಸಬೇಕು.

4. ಆ್ಯಪ್ ಯಾರ ಹೆಸರಿನಲ್ಲಿ? ವಿದ್ಯಾರ್ಥಿ ಕಲಿಕೆಗಾಗಿ ಬರೆದದ್ದು ವಿದ್ಯಾರ್ಥಿಯದೇ. ಪಂಚಾಯತಿಯ ಲಾಂಛನ ಮತ್ತು ಹೆಸರನ್ನು ಸಭೆಯ ಅನುಮತಿ ಇಲ್ಲದೆ ಬಳಸಬಾರದು. ಪ್ಲೇ ಸ್ಟೋರಿಗೆ ಏರಿಸುವುದಾದರೆ 25 ಡಾಲರುಗಳ ನೋಂದಣಿ ಶುಲ್ಕ ಒಂದು ಬಾರಿ ಕಟ್ಟಬೇಕು. ಖಾತೆ ತೆರೆಯುವವರಿಗೆ 18 ವರ್ಷ ತುಂಬಿರಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಕನಿಷ್ಠ 12 ಪರೀಕ್ಷಕರು ಸತತ 14 ದಿನ ಬಳಸಿ ನೋಡಬೇಕೆಂಬ ನಿಯಮವೂ ಇದೆ. ಆ್ಯಪ್‌ಗೆ ಸಹಿ ಹಾಕುವ ಕೀಲಿಯ ಕಡತವೊಂದಿರುತ್ತದೆ, ಅದಕ್ಕೆ ಕೀಸ್ಟೋರ್ ಎಂದು ಹೆಸರು. ಪ್ಲೇ ಸ್ಟೋರಿನ ಹೊರಗೆ ನೇರವಾಗಿ ಫೋನುಗಳಿಗೆ ಹಂಚುವ ಆ್ಯಪ್‌ನ ಕೀಲಿ ಕಳೆದುಹೋದರೆ, ಹಳೆಯದರ ಮೇಲೆ ಹೊಸ ಆವೃತ್ತಿಯನ್ನು ಯಾರೂ ಕೂರಿಸಲಾರರು. ಪಂಚಾಯತಿಯ ಹೆಸರಿನಲ್ಲಿ ಆ್ಯಪ್ ಹೊರಡುವುದಾದರೆ ಆ ಕಡತದ ಪ್ರತಿ ಮತ್ತು ಅದರ ಗುಪ್ತಪದ ಪಂಚಾಯತಿಯ ದಾಖಲೆಯಲ್ಲಿ ಇರಲೇಬೇಕು. ಬರೆದವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಹುಡುಕುವಂತಾಗಬಾರದು.

5. ಜನರ ಮಾಹಿತಿ. ಆಧಾರ್ ಸಂಖ್ಯೆ, ಪಡಿತರ ಚೀಟಿ, ಫಲಾನುಭವಿಗಳ ಪಟ್ಟಿ, ದೂರವಾಣಿ ಸಂಖ್ಯೆ ಇವು ಯಾವುವನ್ನೂ ಕಲಿಕೆಯ ಆ್ಯಪ್‌ಗೆ ಕೊಡಬಾರದು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಅಭ್ಯಾಸಕ್ಕೆ ಕಾಲ್ಪನಿಕ ಹೆಸರುಗಳು ಸಾಕು. ನೀರಿನ ಸಮಯ, ಬಸ್ಸಿನ ಸಮಯ, ಗ್ರಾಮಸಭೆಯ ದಿನಾಂಕ, ಸಂತೆಯ ದಿನ ಮುಂತಾದ ಎಲ್ಲರಿಗೂ ತಿಳಿದ ಸಂಗತಿಗಳಿಂದಲೇ ಒಳ್ಳೆಯ ಆ್ಯಪ್‌ಗಳನ್ನು ಮಾಡಬಹುದು.

ಒಂದು ಪ್ರಶ್ನೆ ಕೆಲವರ ಮನಸ್ಸಿನಲ್ಲಿರಬಹುದು. ಇಷ್ಟೆಲ್ಲ ಮಾಡಿ ಕಲಿಸಿದರೆ ಮಕ್ಕಳು ಊರು ಬಿಟ್ಟು ಹೋಗುತ್ತಾರಲ್ಲ, ಪಂಚಾಯತಿಗೆ ಬಂದ ಲಾಭವೇನು? ಹೋಗುವವರು ಹೋಗಲಿ. ಕೈಯಲ್ಲಿ ಕಸುಬಿಟ್ಟುಕೊಂಡು ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ಬಹಳ ಅಂತರವಿದೆ. ಶಾಲೆಯ ಕೊಠಡಿ ಕಟ್ಟಿಸುವಾಗ ಅಲ್ಲಿ ಓದಿದ ಮಕ್ಕಳು ಊರಿನಲ್ಲೇ ಉಳಿಯಬೇಕೆಂಬ ಷರತ್ತನ್ನು ನಮ್ಮ ಹಿರಿಯರು ಹಾಕಲಿಲ್ಲ. ಉಳಿಯುವವರಿಗಂತೂ ಈ ಕಸುಬು ಮನೆಯಲ್ಲಿ ಕುಳಿತೇ ದುಡಿಯುವ ದಾರಿಯಾಗಬಲ್ಲದು. ಮದುವೆಯ ಮಾತು ಬಂದೊಡನೆ ಓದು ನಿಲ್ಲಿಸುವ ಮನೆಗಳಲ್ಲಿ, ಮಗಳ ಕೈಯಿಂದ ಮೂಡಿದ ಒಂದು ಆ್ಯಪ್ ತಂದೆಯ ಫೋನಿನಲ್ಲಿ ತೆರೆದುಕೊಂಡರೆ ಆ ಮನೆಯ ಮಾತಿನ ಧಾಟಿ ಬದಲಾಗಲೂಬಹುದು.

ಹೊಸ ಕಟ್ಟಡವಿಲ್ಲ, ಹೊಸ ಹುದ್ದೆಯಿಲ್ಲ, ಪರವಾನಗಿ ಶುಲ್ಕವಿಲ್ಲ. ಇರುವ ಒಂದು ಯಂತ್ರ, ಒಂದು ಯುಪಿಎಸ್, ಕೆಲವು ದಿನಗಳ ಅಂತರ್ಜಾಲ ಮತ್ತು ತಮ್ಮ ಸಭೆಯ ಒಂದು ಪುಟದ ನಿರ್ಣಯ ಇಷ್ಟೇ ಬೇಕಾದದ್ದು. ತಾವು ಊರಿಗೆ ಮರಳಿದ ಮೇಲೆ ಮೊದಲು ಅರಿವು ಕೇಂದ್ರದ ಗಣಕಯಂತ್ರದಲ್ಲಿ ರ್‍ಯಾಮ್ ಎಷ್ಟಿದೆ ಎಂದು ನೋಡಿಸಿ, ಆ ಸಂಖ್ಯೆಯನ್ನು ಬರೆದುಕೊಂಡು ಮುಂದಿನ ಸಭೆಗೆ ಬನ್ನಿ. ಅಷ್ಟಾದರೆ ಚರ್ಚೆ ತಾನಾಗಿಯೇ ಸರಿಯಾದ ದಾರಿಯಲ್ಲಿ ಆರಂಭವಾಗುತ್ತದೆ.